ಹೆಂಗಸರ ಪಾಲಿಗೆ ಬಿಟ್ಟ ಭಾಷೆ

ಜರ್ಮನಿಯ ರೈನ್ ನದಿಯ ದಡದಲ್ಲಿ ವರ್ಮ್ಸ್ ಎಂಬ ಊರಿದೆ. ಅಲ್ಲಿನ ಯೆಹೂದಿಗಳ ಬಳಿ ಒಂದು ಪ್ರಾರ್ಥನೆಯ ಪುಸ್ತಕವಿತ್ತು. ಚರ್ಮದ ಹಾಳೆಗಳ ಮೇಲೆ ಬರೆದದ್ದು. 1272ರಲ್ಲಿ ಬರೆದು ಮುಗಿಸಿದ್ದು. ಹಬ್ಬದ ದಿನ ಇಡೀ ಸಮುದಾಯದ ಪರವಾಗಿ ಪ್ರಾರ್ಥನೆ ನಡೆಸುವವನು ಎದುರಿಗಿಟ್ಟುಕೊಂಡು ಓದಲೆಂದು ಬರೆಸಿದ ಪುಸ್ತಕವಾದ್ದರಿಂದ ಅದರ ಅಕ್ಷರವೂ ದೊಡ್ಡದು, ಗಾತ್ರವೂ ದೊಡ್ಡದು. ಹಬ್ಬ ಬಂತೆಂದರೆ ಯಾರಾದರೂ ಅದನ್ನು ಮನೆಯಿಂದ ಪ್ರಾರ್ಥನಾಮಂದಿರವಾದ ಸಿನಗಾಗಿನವರೆಗೆ ಹೊರಬೇಕಿತ್ತು. ಪುಸ್ತಕವೆಲ್ಲ ಹೀಬ್ರೂ. ಆದರೆ ಒಂದು ಪುಟದಲ್ಲಿ ದಪ್ಪವಾಗಿ ಬರೆದ ಹೀಬ್ರೂ ಪದವೊಂದಿದೆ. ಅದರ ಅಕ್ಷರಗಳ ಪೊಳ್ಳಿನೊಳಗೆ ಪುಟ್ಟ ಅಕ್ಷರಗಳಲ್ಲಿ ಒಂದು ಪ್ರಾಸದ ಮಾತು ಅಡಗಿದೆ. ಈ ಪುಸ್ತಕವನ್ನು ಸಿನಗಾಗಿಗೆ ಹೊತ್ತು ತರುವವನಿಗೆ ಒಳ್ಳೆಯ ದಿನ ಬರಲಿ ಎಂದು ಅದರ ತಾತ್ಪರ್ಯ. ಲಿಪಿ ಹೀಬ್ರೂ, ಮಾತು ಮಾತ್ರ ಬೇರೆ. ಕಾಲ ಖಚಿತವಾಗಿ ತಿಳಿದಿರುವ ಯಿಡ್ಡಿಷ್ ವಾಕ್ಯಗಳಲ್ಲಿ ಇದೇ ಎಲ್ಲಕ್ಕಿಂತ ಹಳೆಯದು.

ಒಂದು ಭಾಷೆಯ ಮೊದಲ ವಾಕ್ಯ ರಾಜನ ಹೊಗಳಿಕೆಯಲ್ಲ, ದಾನಪತ್ರವಲ್ಲ, ದೇವರ ಸ್ತುತಿಯೂ ಅಲ್ಲ. ಭಾರ ಹೊತ್ತವನಿಗೆ ಹೇಳಿದ ಒಳ್ಳೆಯ ಮಾತು. ಯಿಡ್ಡಿಷ್ ನನಗೆ ಪ್ರಿಯವಾಗಲು ಈ ಒಂದು ಸಂಗತಿಯೇ ಸಾಕಾಗಿತ್ತು. ಆ ಪುಸ್ತಕದ ಕತೆಯೂ ದೊಡ್ಡದೇ. 1938ರ ನವೆಂಬರಿನಲ್ಲಿ ನಾಜಿಗಳು ವರ್ಮ್ಸ್‌ನ ಸಿನಗಾಗನ್ನು ಸುಟ್ಟರು. ಊರಿನ ದಾಖಲೆಗಳ ಅಧಿಕಾರಿಯಾಗಿದ್ದ ಇಲ್ಲರ್ಟ್ ಎಂಬ ಕ್ರೈಸ್ತ ಈ ಪುಸ್ತಕವನ್ನು ಚರ್ಚಿನಲ್ಲಿ ಬಚ್ಚಿಟ್ಟು ಉಳಿಸಿದ. 1957ರಿಂದ ಅದು ಜೆರುಸಲೇಮಿನಲ್ಲಿದೆ.

ಯಿಡ್ಡಿಷ್ ಹುಟ್ಟಿದ್ದು ಈ ರೈನ್ ಸೀಮೆಯಲ್ಲೇ, ಸುಮಾರು 1000 ವರ್ಷಗಳ ಹಿಂದೆ ಎನ್ನುತ್ತಾರೆ. ಮೂಲದ ಬಗ್ಗೆ ವಿದ್ವಾಂಸರ ಜಗಳ ಇನ್ನೂ ನಡೆದೇ ಇದೆ, ನಾನು ಅದರೊಳಗೆ ಹೋಗುವುದಿಲ್ಲ. ವರ್ಮ್ಸ್, ಮೈನ್ಸ್, ಸ್ಪೆಯರ್ ಊರುಗಳಲ್ಲಿ ನೆಲೆಸಿದ ಯೆಹೂದಿಗಳು ನೆರೆಹೊರೆಯವರ ಜರ್ಮನನ್ನು ಆಡತೊಡಗಿದರು. ಅದರೊಳಗೆ ತಮ್ಮ ಶಾಸ್ತ್ರದ ಹೀಬ್ರೂ, ಅರಾಮಾಯಿಕ್ ಪದಗಳನ್ನು ತಂದರು. ಅದಕ್ಕೂ ಮುಂಚೆ ಫ್ರಾನ್ಸ್, ಇಟಲಿಯ ಕಡೆ ಇದ್ದಾಗ ನಾಲಿಗೆಗೆ ಅಂಟಿದ್ದ ಒಂದಷ್ಟು ಪದಗಳನ್ನೂ ಉಳಿಸಿಕೊಂಡರು. 1096ರ ಧರ್ಮಯುದ್ಧದ ದಂಡುಗಳು ಇದೇ ಊರುಗಳಲ್ಲಿ ಯೆಹೂದಿಗಳನ್ನು ಕೊಂದವು. 14ನೇ ಶತಮಾನದಲ್ಲಿ ಪ್ಲೇಗ್ ಬಂದಾಗ ಬಾವಿಗೆ ವಿಷ ಹಾಕಿದರೆಂಬ ಆರೋಪ ಹೊರಿಸಿ ಮತ್ತೆ ಕೊಂದರು. ಜನ ಪೂರ್ವಕ್ಕೆ ಹೊರಟರು. ಪೋಲೆಂಡ್, ಲಿಥುವೇನಿಯ, ಉಕ್ರೇನುಗಳಲ್ಲಿ ನೆಲೆಸಿದರು. ಅಲ್ಲಿ ಸ್ಲಾವ್ ಭಾಷೆಗಳು ಸೇರಿಕೊಂಡವು. ಬರೀ ಸಂತೆಯ ಪದಗಳಲ್ಲ, ಮನೆಯ ಒಳಗಿನ ಪದಗಳೇ ಬಂದವು: ಅಜ್ಜ ಝೇಯ್ಡೆ, ಅಜ್ಜಿ ಬೋಬೆ, ಎರಡೂ ಸ್ಲಾವ್ ಮೂಲದವು.

ಯೆಹೂದಿಗಳು ಎಲ್ಲೇ ನೆಲೆಸಲಿ, ಆ ನೆಲದ ಮಾತನ್ನು ಹೀಗೆ ತಮ್ಮದಾಗಿ ಮಾಡಿಕೊಂಡಿದ್ದಾರೆ. ಸ್ಪೇನಿನಿಂದ ಹೊರಬಿದ್ದವರು ಲಾಡಿನೊ ಆಡಿದರು, ಬಾಗ್ದಾದಿನವರು ಅರಬ್ಬಿಯನ್ನು ಹೀಬ್ರೂ ಲಿಪಿಯಲ್ಲಿ ಬರೆದರು. ನಮ್ಮ ಪಕ್ಕದ ಕೊಚ್ಚಿಯ ಯೆಹೂದಿಗಳದು ಮಲಯಾಳ. ಅಲ್ಲಿನ ಹೆಂಗಸರು ತಲೆತಲಾಂತರದಿಂದ ಮಲಯಾಳದ ಹಾಡುಗಳನ್ನು ನೋಟ್‌ಬುಕ್ಕುಗಳಲ್ಲಿ ಬರೆದಿಟ್ಟುಕೊಂಡು ಮದುವೆ, ಹಬ್ಬಗಳಲ್ಲಿ ಹಾಡುತ್ತಿದ್ದರು. ಇವುಗಳಲ್ಲೆಲ್ಲ ಅತಿ ಹೆಚ್ಚು ಜನ ಆಡಿದ್ದು ಯಿಡ್ಡಿಷ್.

ಕೊಚ್ಚಿಯ ಆ ನೋಟ್‌ಬುಕ್ಕುಗಳನ್ನು ಸುಮ್ಮನೆ ತರಲಿಲ್ಲ. ಯಿಡ್ಡಿಷಿನ ಚರಿತ್ರೆಯನ್ನು ಎಲ್ಲಿಂದ ಹಿಡಿದು ಎಳೆದರೂ ಕೊನೆಗೆ ಹೆಂಗಸರ ಹತ್ತಿರವೇ ಬಂದು ನಿಲ್ಲುತ್ತದೆ. ಯೆಹೂದಿ ಮನೆಯಲ್ಲಿ ಎರಡು ಭಾಷೆ. ಹೀಬ್ರೂ ಪವಿತ್ರ ಭಾಷೆ. ಧರ್ಮಗ್ರಂಥವಾದ ತೋರಾ, ಪ್ರಾರ್ಥನೆ, ಕರಾರು ಪತ್ರ, ಪಂಡಿತರ ಪತ್ರವ್ಯವಹಾರ ಎಲ್ಲ ಅದರಲ್ಲಿ. ಯಿಡ್ಡಿಷ್ ತಾಯ ಮಾತು, ಮಾಮೆ ಲೋಶ್ನ್. ಗಂಡುಹುಡುಗನನ್ನು ಎಳೆ ವಯಸ್ಸಿಗೇ ಐಗಳ ಮಠದಂಥ ಖೇದರ್‌ಗೆ ಕಳಿಸಿ ಹೀಬ್ರೂ ಓದಿಸುತ್ತಿದ್ದರು. ಹೆಣ್ಣುಮಗುವಿಗೆ ಅಕ್ಷರ ಕಲಿಸಿದರೆ ಅದೇ ಹೆಚ್ಚು. ಅಕ್ಷರ ಬಂತು, ಆದರೆ ಆ ಅಕ್ಷರದಲ್ಲಿರುವ ಶಾಸ್ತ್ರದ ಭಾಷೆ ಬಾರದು. ಅಕ್ಷರ ಬಲ್ಲ, ಹೀಬ್ರೂ ಅರಿಯದ ಇಂಥ ಸಾವಿರಾರು ಓದುಗರು ಇದ್ದದ್ದರಿಂದಲೇ ಅಚ್ಚಿನ ಯಂತ್ರ ಬಂದ ಮೇಲೆ ಯಿಡ್ಡಿಷ್ ಪುಸ್ತಕಗಳು ಹುಟ್ಟಿದವು.

ನಿಜ ಹೇಳಬೇಕೆಂದರೆ ಗಂಡಸರೂ ಆಡುತ್ತಿದ್ದುದು ಯಿಡ್ಡಿಷನ್ನೇ. ಗುರು ತೋರಾದ ಹೀಬ್ರೂವನ್ನು ಪದ ಪದ ಬಿಡಿಸಿ ಯಿಡ್ಡಿಷಿನಲ್ಲಿ ಅರ್ಥ ಹೇಳುತ್ತಿದ್ದ. ಎದುರಿಗಿರುವ ಗ್ರಂಥ ಅರಾಮಾಯಿಕ್ಕಿನ ತಾಲ್ಮುಡ್ ಆದರೂ ಅದರ ಮೇಲೆ ಕೈಯೆತ್ತಿ ವಾದ ಮಾಡುತ್ತಿದ್ದುದು ಮನೆಮಾತಿನಲ್ಲೇ. ಹೀಬ್ರೂ ತಲೆಗೆ ಹತ್ತದ ಗಂಡಸರೂ ಬೇಕಾದಷ್ಟಿದ್ದರು. ಆದರೆ ಅದನ್ನು ಒಪ್ಪಿಕೊಳ್ಳುವುದು ಹೇಗೆ? 16ನೇ ಶತಮಾನದ ಕೊನೆಗೆ ಬಂದ ‘ಬ್ರಾಂಟ್‌ಷ್ಪೀಗ್ಲ್’ ಎಂಬ ನೀತಿಗ್ರಂಥದ ಕರ್ತೃ, ಇದು ಹೆಂಗಸರಿಗಾಗಿ ಮತ್ತು ಹೆಚ್ಚು ಓದಲಾರದೆ ಹೆಂಗಸರಂತೆಯೇ ಇರುವ ಗಂಡಸರಿಗಾಗಿ ಎಂದು ಬರೆದ. ಮುಂದೆ ಬಹುಕಾಲ ಯಿಡ್ಡಿಷ್ ಪುಸ್ತಕಗಳು ಈ ಸಮಜಾಯಿಷಿಯನ್ನು ಹೊತ್ತುಕೊಂಡೇ ಬಂದವು. ಅವುಗಳಿಗೆ ಅಚ್ಚಿನ ಮೊಳೆಯೇ ಬೇರೆ. ಪವಿತ್ರ ಗ್ರಂಥದ ಚೌಕಾಕ್ಷರವನ್ನು ಅವಕ್ಕೆ ಬಳಸುತ್ತಿರಲಿಲ್ಲ.

ಆ ಪುಸ್ತಕಗಳಲ್ಲಿ ದೊಡ್ಡದು ‘ತ್ಸೆನೆ-ರೆನೆ’. ಯಾನೊವ್ ಊರಿನ ಯಾಕೊಬ್ ಬೆನ್ ಐಸಾಕ್ ಆಶ್ಕೆನಾಜಿ ಬರೆದದ್ದು. ಇಂದು ಉಳಿದಿರುವ ಅತಿ ಹಳೆಯ ಪ್ರತಿ 1622ರದು. ಅದೂ ಮೊದಲ ಮುದ್ರಣವಲ್ಲ. ಅಲ್ಲಿಂದೀಚೆಗೆ 200ಕ್ಕೂ ಹೆಚ್ಚು ಮುದ್ರಣ ಕಂಡಿದೆ. ತೋರಾದ ಕತೆ, ಅದರ ಮೇಲಿನ ಹಳೆಯ ವ್ಯಾಖ್ಯಾನ, ದಂತಕತೆ, ನೀತಿ ಎಲ್ಲವನ್ನೂ ಕಲಸಿ ಎದುರಿಗೆ ಕೂತು ಹೇಳಿದ ಹಾಗೆ ಹೇಳುವ ಪುಸ್ತಕ. ವಾರದ ವಿಶ್ರಾಂತಿಯ ದಿನವಾದ ಸಬ್ಬತ್ತಿನ ಮಧ್ಯಾಹ್ನ, ಕೆಲಸವೆಲ್ಲ ನಿಂತ ಹೊತ್ತಿನಲ್ಲಿ, ಹೆಂಗಸರು ಅದನ್ನು ಗಟ್ಟಿಯಾಗಿ ಓದುತ್ತಿದ್ದರು. ಮಕ್ಕಳು ಪಕ್ಕದಲ್ಲಿ ಕೂತು ಕೇಳುತ್ತಿದ್ದರು. 300 ವರ್ಷಗಳ ಕಾಲ ಪೂರ್ವ ಯೂರೋಪಿನ ಯೆಹೂದಿ ಮಕ್ಕಳಿಗೆ ಅಬ್ರಹಾಮನೂ ಸಾರಾಳೂ ಮೊದಲು ಪರಿಚಯವಾದದ್ದು ಅಮ್ಮನ ಬಾಯಿಂದ, ಈ ಪುಸ್ತಕದಿಂದ. ಗುರುಗಳ ಮಠ ಆಮೇಲಿನದು. ಇದರ ಜೊತೆಗೆ ತ್ಖಿನೆಗಳೆಂಬ ಪ್ರಾರ್ಥನೆಗಳಿದ್ದವು: ಹೆರಿಗೆಯ ಹೊತ್ತಿಗೆ, ಸಬ್ಬತ್ತಿನ ದೀಪ ಹಚ್ಚುವ ಹೊತ್ತಿಗೆ, ಹಿಟ್ಟು ನಾದಿ ದೇವರ ಪಾಲು ತೆಗೆದಿಡುವ ಹೊತ್ತಿಗೆ. ಸಿನಗಾಗಿನಲ್ಲಿ ಹೆಂಗಸರು ಪ್ರತ್ಯೇಕವಾಗಿ ಕೂರುವ ಭಾಗದಲ್ಲಿ ಓದು ಬಲ್ಲ ಒಬ್ಬಾಕೆ ಮುಂದಾಗಿ ಹೇಳಿಕೊಡುವಳು, ಉಳಿದವರು ಅವಳ ಹಿಂದೆ ಹೇಳುವರು. ಆ ಹೆಂಗಸರಲ್ಲಿ ಹೆಚ್ಚಿನವರ ಹೆಸರು ಎಲ್ಲೂ ದಾಖಲಾಗಿಲ್ಲ. ಧರ್ಮವನ್ನು ದಿನದ ಬಾಳಿಗೆ ಇಳಿಸಿದವರಲ್ಲಿ ಅವರನ್ನು ಧರ್ಮಗುರುವಾದ ಯಾವ ರಬ್ಬಿಗಿಂತಲೂ ಕಡಿಮೆಯೆಂದು ನಾನು ಎಣಿಸಲಾರೆ.

ಹೆಸರು ಉಳಿಸಿಹೋದ ಒಬ್ಬಳು ಹಾಮೆಲ್ನ್‌ನ ಗ್ಲಿಕ್ಲ್. ಹುಟ್ಟಿದ್ದು ಹ್ಯಾಂಬರ್ಗಿನಲ್ಲಿ, 17ನೇ ಶತಮಾನದ ನಡುವೆ. ಹದಿಹರೆಯದಲ್ಲೇ ಮದುವೆ, ಮನೆ ತುಂಬ ಮಕ್ಕಳು, ಗಂಡನ ಜೊತೆ ಮುತ್ತಿನ ವ್ಯಾಪಾರ. 1689ರಲ್ಲಿ ಗಂಡ ತೀರಿಕೊಂಡ. ವ್ಯಾಪಾರ ನಿಲ್ಲಿಸಲಿಲ್ಲ, ಕಾಲುಚೀಲ ನೇಯಿಸಿ ಮಾರಿದಳು, ಜಾತ್ರೆಗಳಿಗೆ ತಿರುಗಿದಳು, ಮಕ್ಕಳ ಮದುವೆಗಳನ್ನು ಮಾಡಿದಳು. ರಾತ್ರಿ ನಿದ್ದೆ ಬಾರದ ದುಃಖ ಕಳೆಯಲೆಂದು 1691ರಲ್ಲಿ ತನ್ನ ಬದುಕನ್ನು ಮಕ್ಕಳಿಗಾಗಿ ಬರೆಯತೊಡಗಿದಳು. ಯಾರು ಎಷ್ಟು ಸಾಲ ಕೊಟ್ಟರು, ಯಾವ ಬೀಗರು ಹೇಗೆ ನಡೆದುಕೊಂಡರು, ಯಾವ ಮಗು ಯಾವ ಕಾಯಿಲೆ ಬಿದ್ದಿತು ಎಲ್ಲ ಅದರಲ್ಲಿದೆ. ಆ ಕಾಲದ ಯೆಹೂದಿ ಮನೆಯೊಳಗೆ ಕಾಲಿಡಬೇಕೆನ್ನುವ ಇತಿಹಾಸಕಾರರಿಗೆ ಇಂದಿಗೂ ಗ್ಲಿಕ್ಲ್ ಬೇಕು. ಪುಸ್ತಕ ಅಚ್ಚಾದದ್ದು 1896ರಲ್ಲಿ. 1910ರಲ್ಲಿ ಅದನ್ನು ಜರ್ಮನ್ ಭಾಷೆಗೆ ಅನುವಾದಿಸಿದವರು ಬೆರ್ತಾ ಪಾಪೆನ್‌ಹೈಮ್. ಮನಶ್ಶಾಸ್ತ್ರ ಓದಿದವರಿಗೆ ಈಕೆ ‘ಅನ್ನಾ ಓ’ ಎಂಬ ಹೆಸರಿನಿಂದ ಗೊತ್ತು: ಫ್ರಾಯ್ಡ್ ಮತ್ತು ಬ್ರೋಯರ್ ಬರೆದ ಪುಸ್ತಕದ ಪ್ರಸಿದ್ಧ ರೋಗಿ. ಆ ರೋಗಿಯನ್ನು ಜಗತ್ತು ನೆನಪಿಟ್ಟುಕೊಂಡಿದೆ. ಮುಂದೆ ಆಕೆ ಜರ್ಮನಿಯ ಯೆಹೂದಿ ಮಹಿಳಾ ಚಳವಳಿಯನ್ನು ಕಟ್ಟಿದ್ದು, ಹೆಣ್ಣುಮಕ್ಕಳ ಸಾಗಣೆಯ ವಿರುದ್ಧ ಹೋರಾಡಿದ್ದು, ಯಿಡ್ಡಿಷಿನ ಹೆಂಗಸರ ಪುಸ್ತಕಗಳನ್ನು ಒಂದೊಂದಾಗಿ ಜರ್ಮನ್ ಭಾಷೆಗೆ ತಂದದ್ದು ಅಷ್ಟು ನೆನಪಿಲ್ಲ. ಗ್ಲಿಕ್ಲ್‌ಳ ಉಡುಪು ತೊಟ್ಟು ಆಕೆ ಒಂದು ಚಿತ್ರವನ್ನೂ ಬರೆಸಿಕೊಂಡಿದ್ದರು.

18ನೇ ಶತಮಾನದಲ್ಲಿ ಬರ್ಲಿನ್ನಿನ ಸುಧಾರಕರು ಯಿಡ್ಡಿಷನ್ನು ಕೆಟ್ಟುಹೋದ ಜರ್ಮನ್ ಎಂದರು. ‘ಜಾರ್ಗನ್’ ಎಂಬುದು ಅವರಿಟ್ಟ ಹೆಸರು. ಯೆಹೂದಿಗಳು ಉದ್ಧಾರವಾಗಬೇಕಾದರೆ ಅದನ್ನು ಬಿಟ್ಟು ಶುದ್ಧ ಜರ್ಮನ್ ಕಲಿಯಬೇಕು, ಶಾಸ್ತ್ರಕ್ಕೆ ಶುದ್ಧ ಹೀಬ್ರೂ ಸಾಕು ಎಂದು ವಾದ. ಆದರೆ ರಷ್ಯದ ಸಾಮ್ರಾಜ್ಯದಲ್ಲಿದ್ದ ಲಕ್ಷಾಂತರ ಜನಕ್ಕೆ ಸುಧಾರಣೆಯ ಮಾತನ್ನು ಮುಟ್ಟಿಸುವುದು ಯಾವ ಭಾಷೆಯಲ್ಲಿ? ಅಬ್ರಾಮೊವಿಚ್ ಎಂಬ ಹೀಬ್ರೂ ಲೇಖಕನಿಗೆ ಈ ಪ್ರಶ್ನೆ ನಿದ್ದೆಗೆಡಿಸಿತು. ಯಿಡ್ಡಿಷಿನಲ್ಲಿ ಬರೆದರೆ ಮರ್ಯಾದೆ ಹೋಗುತ್ತದೆಂದು ಗೆಳೆಯರು ಎಚ್ಚರಿಸಿದರು. ಆದರೂ ಬರೆದ, ಒಡೆಸ್ಸಾದ ‘ಕೋಲ್ ಮೆವಾಸೆರ್’ ಪತ್ರಿಕೆಯಲ್ಲಿ 1864ರಲ್ಲಿ ಮೊದಲ ಕತೆ ಬಂತು. ಅದನ್ನು ಹೇಳುವವನು ಮೆಂಡೆಲೆ ಎಂಬ ಪುಸ್ತಕ ಮಾರುವವನು. ಮುದಿ ಕುದುರೆ ಕಟ್ಟಿದ ಗಾಡಿಯಲ್ಲಿ ಪ್ರಾರ್ಥನೆ ಪುಸ್ತಕ, ಹೆಂಗಸರ ತ್ಖಿನೆ, ಕತೆಪುಸ್ತಕ ತುಂಬಿಕೊಂಡು ಊರೂರು ತಿರುಗುವವನು. ಆಧುನಿಕ ಯಿಡ್ಡಿಷ್ ಸಾಹಿತ್ಯ ಬಂದದ್ದು ಈ ಗಾಡಿಯಲ್ಲೇ.

ಅಬ್ರಾಮೊವಿಚ್‌ನನ್ನು ‘ಝೇಯ್ಡೆ’, ಅಂದರೆ ಅಜ್ಜ, ಎಂದು ಕರೆದವರು ಲೇಖಕ ಶೋಲೆಮ್ ಅಲೈಖೆಮ್ (1859–1916). ಅವರ ಮನೆಗೆ ಬಂದ ಮಲತಾಯಿ ಬೈಗುಳದಲ್ಲಿ ಗಟ್ಟಿಗಿತ್ತಿ. ಹುಡುಗ ಆಕೆಯ ಬೈಗುಳಗಳನ್ನೆಲ್ಲ ಕೇಳಿ ಕೇಳಿ ಅಕ್ಷರಾನುಕ್ರಮದಲ್ಲಿ ಪಟ್ಟಿ ಮಾಡಿದ. ತನ್ನ ಮೊದಲ ಕೃತಿ ಅದೇ ಎಂದು ದೊಡ್ಡವರಾದ ಮೇಲೆ ಬರೆದುಕೊಂಡರು. ಆ ಕಿವಿಯೇ ಮುಂದೆ ಹಾಲು ಮಾರುವ ತೆವ್ಯೆಯನ್ನು ಸೃಷ್ಟಿಸಿತು. 1894ರಿಂದ ಎರಡು ದಶಕ ಬಿಟ್ಟು ಬಿಟ್ಟು ಬರೆದ ಈ ಕತೆಗಳಲ್ಲಿ ತೆವ್ಯೆ ಮಾತಾಡುತ್ತಾನೆ, ಲೇಖಕ ಕೇಳುತ್ತಾರೆ, ಅಷ್ಟೆ. ಹೆಣ್ಣುಮಕ್ಕಳ ತಂದೆ. ಒಬ್ಬಳು ಬಡ ದರ್ಜಿಯನ್ನು ಮೆಚ್ಚುತ್ತಾಳೆ, ಒಬ್ಬಳು ಕ್ರಾಂತಿಕಾರಿಯ ಹಿಂದೆ ಹೋಗುತ್ತಾಳೆ, ಒಬ್ಬಳು ಧರ್ಮವನ್ನೇ ದಾಟಿ ಮದುವೆಯಾಗುತ್ತಾಳೆ. ಪ್ರತಿ ಸಲವೂ ತೆವ್ಯೆ ಶಾಸ್ತ್ರದ ಹೀಬ್ರೂ ತುಣುಕೊಂದನ್ನು ಎತ್ತಿ ತನ್ನದೇ ಅರ್ಥ ಹೇಳುತ್ತಾನೆ. ದೇವರೊಡನೆ ಜಗಳಕ್ಕೂ ಅದೇ, ಸಮಾಧಾನಕ್ಕೂ ಅದೇ. ಎರಡು ಭಾಷೆಗಳ ನಡುವಿನ ಮೇಲುಕೀಳನ್ನು ಈ ಹಾಲಿನವನಷ್ಟು ಚೆನ್ನಾಗಿ ಅಳಿಸಿದವರು ಇನ್ನೊಬ್ಬರಿಲ್ಲ ಎಂದೇ ನನ್ನ ಎಣಿಕೆ. 1964ರ ‘ಫಿಡ್ಲರ್ ಆನ್ ದ ರೂಫ್’ ನಾಟಕ ನೋಡಿ ತೆವ್ಯೆಯನ್ನು ಬಲ್ಲವರು ಕತೆಗಳನ್ನೂ ಓದಬೇಕು. ಅಲ್ಲಿನ ದುಃಖ ಇನ್ನೂ ಆಳ.

ನ್ಯೂಯಾರ್ಕಿನಲ್ಲಿ ಶೋಲೆಮ್ ಅಲೈಖೆಮ್ ತೀರಿಕೊಂಡಾಗ ಶವಯಾತ್ರೆಗೆ ಲಕ್ಷಕ್ಕೂ ಮಿಕ್ಕಿ ಜನ ಬೀದಿಗಿಳಿದರು. ಶ್ರೀಮಂತರ ನಡುವೆ ಬೇಡ, ದುಡಿಯುವ ಸಾಮಾನ್ಯ ಯೆಹೂದಿಗಳ ನಡುವೆ ಹೂಳಿ ಎಂದು ಉಯಿಲು ಬರೆದಿದ್ದರು. ವರ್ಷಕ್ಕೊಮ್ಮೆ ತಮ್ಮ ಪುಣ್ಯತಿಥಿಯಂದು ಮನೆಯವರು ಸೇರಿ ತಮ್ಮ ಕತೆಗಳಲ್ಲಿ ನಗಿಸುವಂಥದ್ದೊಂದನ್ನು, ಅವರಿಗೆ ಚೆನ್ನಾಗಿ ತಿಳಿಯುವ ಯಾವ ಭಾಷೆಯಲ್ಲಾದರೂ ಸರಿ, ಓದಬೇಕೆಂದೂ ಹೇಳಿದ್ದರು. ಮೊಮ್ಮಕ್ಕಳು ಯಿಡ್ಡಿಷ್ ಆಡಲಾರರು ಎಂದು ಆಗಲೇ ಅವರಿಗೆ ತಿಳಿದಿತ್ತು.

ಅಮೆರಿಕಕ್ಕೆ ಹಡಗು ಹತ್ತಿದವರ ಯಿಡ್ಡಿಷ್ ಬದುಕನ್ನು ನೋಡಬೇಕಾದರೆ ‘ಫೋರ್ವರ್ಟ್ಸ್’ ದಿನಪತ್ರಿಕೆಯನ್ನು ನೋಡಬೇಕು. 1897ರಲ್ಲಿ ಶುರುವಾಗಿ ಒಂದು ಕಾಲಕ್ಕೆ 2 ಲಕ್ಷಕ್ಕೂ ಹೆಚ್ಚು ಪ್ರತಿ ಹೋಗುತ್ತಿತ್ತು. ಸಂಪಾದಕ ಅಬ್ರಹಾಂ ಕಾಹನ್ 1906ರಲ್ಲಿ ‘ಬಿಂಟೆಲ್ ಬ್ರೀಫ್’ ಎಂಬ ಅಂಕಣ ತೆರೆದರು; ಓದುಗರ ಕಷ್ಟಸುಖದ ಪತ್ರಗಳಿಗೆ ಉತ್ತರ. ಹೊಲಿಗೆ ಕಾರ್ಖಾನೆಯಲ್ಲಿ ಮೇಸ್ತ್ರಿಯ ಕಾಟ ತಾಳಲಾರದ ಹುಡುಗಿಯರು ಬರೆದರು. ಊರಲ್ಲಿ ಬಿಟ್ಟುಬಂದ ತಂದೆತಾಯಿಯ ಚಿಂತೆಯವರು ಬರೆದರು. ಹೆಂಡತಿ ಮಕ್ಕಳನ್ನು ಬಿಟ್ಟು ಓಡಿಹೋದ ಗಂಡಂದಿರ ಭಾವಚಿತ್ರಗಳನ್ನು ‘ಕಾಣೆಯಾದ ಗಂಡಂದಿರ ಗ್ಯಾಲರಿ’ ಎಂದು ಸಾಲಾಗಿ ಅಚ್ಚು ಹಾಕುತ್ತಿದ್ದರು. ಪರದೇಶದಲ್ಲಿ ಬೇರೆ ದಿಕ್ಕಿಲ್ಲದ ಹೆಂಗಸಿಗೆ ನಾಲ್ಕು ಜನರೆದುರು ನ್ಯಾಯ ಕೇಳಲು ತನ್ನ ಭಾಷೆಯ ಪತ್ರಿಕೆಯೊಂದಿತ್ತು. ಭಾಷೆಗೆ ಇದಕ್ಕಿಂತ ದೊಡ್ಡ ಕೆಲಸ ಯಾವುದಿದೆ?

ರಾಜಕೀಯದ ಮಾತನ್ನು ಬೇಗ ಮುಗಿಸುತ್ತೇನೆ. 1908ರಲ್ಲಿ, ಆಗ ಆಸ್ಟ್ರಿಯಾಕ್ಕೆ ಸೇರಿದ್ದ ಚೆರ್ನೊವಿಟ್ಸ್‌ನಲ್ಲಿ, ಯಿಡ್ಡಿಷಿನ ಮೊದಲ ದೊಡ್ಡ ಸಮ್ಮೇಳನ ನಡೆಯಿತು. ಕಾರ್ಮಿಕ ಪಕ್ಷ ಬುಂಡ್‌ನ ಎಸ್ತರ್ ಫ್ರುಮ್ಕಿನಾ ಯಿಡ್ಡಿಷೇ ಯೆಹೂದಿಗಳ ರಾಷ್ಟ್ರಭಾಷೆ ಎಂದು ಪಟ್ಟು ಹಿಡಿದರು. ಹೀಬ್ರೂವಿನ ಪರವಾದವರು ಬಿಡಲಿಲ್ಲ. ಯಿಡ್ಡಿಷ್ ಯೆಹೂದಿಗಳ ಒಂದು ರಾಷ್ಟ್ರಭಾಷೆ ಎಂದು ಠರಾವಾಯಿತು. ಪ್ಯಾಲೆಸ್ಟೈನಿನಲ್ಲಿ ಹೀಬ್ರೂ ಕಟ್ಟುತ್ತಿದ್ದವರಿಗೆ ಅಷ್ಟೂ ಹಿಡಿಸಲಿಲ್ಲ. 1930ರಲ್ಲಿ ಟೆಲ್ ಅವೀವಿನ ಟಾಕೀಸೊಂದಕ್ಕೆ ಯಿಡ್ಡಿಷ್ ಚಿತ್ರ ಬಂದಾಗ ದೊಂಬಿಯೇ ಆಯಿತು. ಚಿತ್ರದ ಹೆಸರು ‘ನನ್ನ ಯೆಹೂದಿ ತಾಯಿ’. ಹೊಸ ನಾಡಿಗೆ ಒಂದು ಭಾಷೆ ಬೇಕೆಂಬುದು ನನಗೆ ಅರ್ಥವಾಗುತ್ತದೆ. ಅಮ್ಮನ ಮಾತನ್ನು ನಾಚಿಕೆಯ ವಸ್ತುವನ್ನಾಗಿ ಮಾಡಿದ್ದನ್ನು ಮಾತ್ರ ಒಪ್ಪಲಾರೆ.

ಅದೇ ವರ್ಷಗಳಲ್ಲಿ ಹೆಂಗಸರು ಓದುವುದಷ್ಟೇ ಅಲ್ಲ, ದೊಡ್ಡ ಸಂಖ್ಯೆಯಲ್ಲಿ ಬರೆಯತೊಡಗಿದ್ದರು. 1928ರಲ್ಲಿ ಶಿಕಾಗೊದಲ್ಲಿ ಎಜ್ರಾ ಕೊರ್ಮನ್ ಹೊರತಂದ ಸಂಕಲನದಲ್ಲಿ 70 ಕವಯಿತ್ರಿಯರಿದ್ದಾರೆ. ಗದ್ಯದಲ್ಲಿ ಎಸ್ತರ್ ಕ್ರೈಟ್‌ಮನ್. ರಬ್ಬಿಯ ಮಗಳು, ತಮ್ಮಂದಿರಿಗೆ ಸಿಕ್ಕ ಓದು ಆಕೆಗೆ ಸಿಗಲಿಲ್ಲ. ಅವಳನ್ನು ದೂರದ ಆಂಟ್ವರ್ಪಿನ ವಜ್ರ ಕೆಲಸದವನಿಗೆ ಮದುವೆ ಮಾಡಿಕೊಟ್ಟರು. ಓದಿಗೆ ಹಂಬಲಿಸುವ ಹುಡುಗಿಯ ಬಗ್ಗೆ ಆಕೆ ಬರೆದ ಕಾದಂಬರಿ 1936ರಲ್ಲಿ ವಾರ್ಸಾದಲ್ಲಿ ಬಂತು. ಇಬ್ಬರು ತಮ್ಮಂದಿರೂ ದೊಡ್ಡ ಲೇಖಕರಾದರು. ಕಿರಿಯ ತಮ್ಮ ಐಸಾಕ್ ಬಾಷೆವಿಸ್ ಸಿಂಗರ್‌ಗೆ 1978ರಲ್ಲಿ ನೊಬೆಲ್ ಬಂತು. ತಾಲ್ಮುಡ್ ಓದಲೆಂದು ಗಂಡುವೇಷ ತೊಡುವ ಯೆಂಟ್ಲ್‌ಳ ಕತೆ ಬರೆದವರು ಇವರೇ. ಆ ಯೆಂಟ್ಲ್‌ಳಲ್ಲಿ ಅಕ್ಕನನ್ನು ಕಾಣುವ ಓದುಗರು ಬಹಳ, ನಾನೂ ಕಾಣುತ್ತೇನೆ.

ಎರಡನೇ ಮಹಾಯುದ್ಧಕ್ಕೆ ಮುಂಚೆ ಯಿಡ್ಡಿಷ್ ಆಡುವವರು 1 ಕೋಟಿಗೂ ಹೆಚ್ಚಿದ್ದರು. ನಾಜಿಗಳು ಕೊಂದ ಸುಮಾರು 60 ಲಕ್ಷ ಯೆಹೂದಿಗಳಲ್ಲಿ ಬಹುಪಾಲು ಇವರೇ. ಯೆಹೂದಿಗಳನ್ನು ಕೂಡಿಹಾಕಿದ್ದ ವಾರ್ಸಾದ ಘೆಟ್ಟೋದಲ್ಲಿ ಇತಿಹಾಸಕಾರ ಇಮ್ಯಾನುಯೆಲ್ ರಿಂಗೆಲ್‌ಬ್ಲಮ್ ಗುಟ್ಟಾಗಿ ಒಂದು ಬಳಗ ಕಟ್ಟಿ ಎಲ್ಲವನ್ನೂ ದಾಖಲಿಸಿದರು: ರೇಷನ್ ಚೀಟಿ, ಮಕ್ಕಳ ಪ್ರಬಂಧ, ಬೀದಿ ಹಾಡು, ಗಾದೆ. ಆ ಬಳಗದ ರಾಖೆಲ್ ಔಎರ್ಬಾಖ್ ಘೆಟ್ಟೋದಲ್ಲಿ ಒಂದು ಗಂಜಿಕೇಂದ್ರ ನಡೆಸುತ್ತಿದ್ದರು. ದಿನವೂ ಗಂಜಿ ಹಾಕಿಯೂ ಜನರನ್ನು ಉಳಿಸಿಕೊಳ್ಳಲಾಗದ ಸಂಕಟವನ್ನು ಅಲ್ಲೇ ಕೂತು ಬರೆದರು. ಕಾಗದಗಳನ್ನು ತಗಡಿನ ಪೆಟ್ಟಿಗೆ, ಹಾಲಿನ ಕ್ಯಾನುಗಳಲ್ಲಿ ತುಂಬಿ ನೆಲದಲ್ಲಿ ಹೂತರು. ಬಳಗದಲ್ಲಿ ಬದುಕುಳಿದವರು ಮೂವರು. ಔಎರ್ಬಾಖ್ ಅವರಲ್ಲಿ ಒಬ್ಬರು. ಹೂತದ್ದನ್ನು ಅಗೆದು ತೆಗೆಯಲೇಬೇಕೆಂದು ಯುದ್ಧ ಮುಗಿದ ಮೇಲೆ ಬೆನ್ನು ಹತ್ತಿದರು. ಒಂದು ಭಾಗ 1946ರಲ್ಲಿ ಸಿಕ್ಕಿತು, ಇನ್ನೊಂದು 1950ರಲ್ಲಿ. ಮೂರನೆಯದು ಸಿಗಲೇ ಇಲ್ಲ.

ಸೋವಿಯತ್ ನಾಡಿನಲ್ಲಿ ಮೊದಲು ಸರ್ಕಾರವೇ ಯಿಡ್ಡಿಷ್ ಶಾಲೆ, ನಾಟಕಶಾಲೆಗಳನ್ನು ತೆರೆದಿತ್ತು. ಆಮೇಲೆ ಸ್ಟಾಲಿನ್ನನ ಆಳ್ವಿಕೆ ಅವನ್ನು ಮುಚ್ಚಿಸಿತು. 1952ರ ಆಗಸ್ಟ್ 12ರಂದು ಮಾಸ್ಕೋದಲ್ಲಿ 13 ಮಂದಿಯನ್ನು ಕೊಂದರು. ಪೆರೆತ್ಸ್ ಮಾರ್ಕಿಷ್, ಲೇಯ್ಬ್ ಕ್ವಿಟ್ಕೊ ಮೊದಲಾದ ಯಿಡ್ಡಿಷ್ ಲೇಖಕರು ಅವರಲ್ಲಿದ್ದರು. ಕಾದಂಬರಿಕಾರ ಡಾವಿಡ್ ಬೆರ್ಗೆಲ್ಸನ್‌ಗೆ ಅಂದು 68 ತುಂಬಿದ ಹುಟ್ಟುಹಬ್ಬ.

ಉಳಿದ ಪುಸ್ತಕಗಳ ಕತೆ ಸ್ವಲ್ಪ ಸಮಾಧಾನದ್ದು. 1980ರಲ್ಲಿ ಆರನ್ ಲ್ಯಾನ್‌ಸ್ಕಿ ಎಂಬ ಯುವಕ ಅಮೆರಿಕದಲ್ಲಿ ಕಸಕ್ಕೆ ಹೋಗುತ್ತಿದ್ದ ಯಿಡ್ಡಿಷ್ ಪುಸ್ತಕಗಳನ್ನು ಕೂಡಿಸಲು ಹೊರಟರು. ಇಡೀ ಜಗತ್ತಿನಲ್ಲಿ ಸಿಗಬಹುದಾದವು 70,000 ಇದ್ದಾವು ಎಂದು ಬಲ್ಲವರು ಅಂದಾಜು ಹೇಳಿದ್ದರು. ಸಿಕ್ಕಿದ್ದು 10 ಲಕ್ಷಕ್ಕೂ ಹೆಚ್ಚು. ಪುಸ್ತಕ ಕೊಡುವ ಮುದುಕರು ಅವರನ್ನು ಸುಮ್ಮನೆ ಕಳಿಸುತ್ತಿರಲಿಲ್ಲ. ಕೂರಿಸಿ, ಊಟ ಬಡಿಸಿ, ಒಂದೊಂದು ಪುಸ್ತಕವನ್ನೂ ಎಲ್ಲಿ ಕೊಂಡೆ, ಯಾಕೆ ಓದಿದೆ ಎಂದು ಹೇಳಿಯೇ ಕೈಗಿಡುತ್ತಿದ್ದರು. ಆ ಪುಸ್ತಕಗಳಿಗೆ ಈಗ ಮ್ಯಾಸಚೂಸೆಟ್ಸ್‌ನ ಆಮ್ಹರ್ಸ್ಟ್‌ನಲ್ಲಿ ಮನೆಯಿದೆ.

ಇನ್ನು ಮಾತು. ಇವತ್ತು ಯಿಡ್ಡಿಷ್ ಮನೆಮಾತಾಗಿ ಜೋರಾಗಿ ಬದುಕಿರುವುದು ಹಸಿದಿಕ್ ಪಂಥದ ಕರ್ಮಠ ಕುಟುಂಬಗಳಲ್ಲಿ: ನ್ಯೂಯಾರ್ಕಿನ ವಿಲಿಯಮ್ಸ್‌ಬರ್ಗ್, ಬರೋ ಪಾರ್ಕ್, ಕಿರ್ಯಾಸ್ ಜೋಯೆಲ್, ಲಂಡನ್ನಿನ ಸ್ಟ್ಯಾಮ್‌ಫರ್ಡ್ ಹಿಲ್, ಆಂಟ್ವರ್ಪ್, ಜೆರುಸಲೇಮ್. ಕುಟುಂಬಕ್ಕೆ ಆರು, ಎಂಟು ಮಕ್ಕಳು. ಆಡುವವರ ಸಂಖ್ಯೆ ಏರುತ್ತಲೇ ಇದೆ. ಆದರೆ ನ್ಯೂಯಾರ್ಕಿನ ಬ್ರೂಕ್ಲಿನ್ನಿನಲ್ಲಿ ಒಂದು ವಿಚಿತ್ರ ನಡೆದಿದೆ. ಗಂಡುಹುಡುಗರ ಪಾಠ ಬಹುಮಟ್ಟಿಗೆ ಯಿಡ್ಡಿಷಿನಲ್ಲಿ. ಹೆಣ್ಣುಮಕ್ಕಳಿಗೆ ಶಾಲೆಯಲ್ಲಿ ಲೌಕಿಕ ಪಾಠ ಹೆಚ್ಚು, ಇಂಗ್ಲಿಷ್ ಹೆಚ್ಚು. ಒಂದನೇ ತರಗತಿ ದಾಟುತ್ತಿದ್ದಂತೆ ತಮ್ಮತಮ್ಮೊಳಗೆ ಇಂಗ್ಲಿಷಿಗೆ ಹೊರಳಿಬಿಡುತ್ತಾರೆ. ಅದರ ನಡುನಡುವೆ ಯಿಡ್ಡಿಷ್ ಪದಗಳು. ಯಿಡ್ಡಿಷ್ ಆಡಿ ಎಂದು ಶಾಲೆಯವರು ಹುಡುಗಿಯರಿಗೆ ಒತ್ತಾಯ ಮಾಡಬೇಕಾಗಿದೆ. 100 ವರ್ಷಗಳ ಹಿಂದೆ ಪೋಲೆಂಡಿನಲ್ಲೂ ಹೀಗೇ ಆಗಿತ್ತು: ಹುಡುಗರು ಖೇದರ್‌ಗೆ, ಹುಡುಗಿಯರು ಸರ್ಕಾರಿ ಶಾಲೆಗೆ ಹೋಗಿ ಹುಡುಗಿಯರ ಬಾಯಲ್ಲಿ ಪೋಲಿಷ್ ನೆಲೆಗೊಂಡಿತ್ತು. ಅದನ್ನು ತಡೆಯಲೆಂದೇ ಕ್ರಾಕೋವ್‌ನ ಹೊಲಿಗೆಯ ಸಾರಾ ಶೆನಿರೆರ್ 1917ರಲ್ಲಿ ಹೆಣ್ಣುಮಕ್ಕಳ ಧಾರ್ಮಿಕ ಶಾಲೆ ತೆರೆದು ಅವರಿಗೆ ಯಿಡ್ಡಿಷಿನಲ್ಲೇ ಪಾಠ ಬರೆದರು. ಬ್ರೂಕ್ಲಿನ್ನಿನ ಈ ಹುಡುಗಿಯರು ಮದುವೆಯಾಗಿ ತಾಯಿಯಾದ ಮೇಲೆ ಗೆಳತಿಯರೊಡನೆ ಇಂಗ್ಲಿಷನ್ನೇ ಮುಂದುವರಿಸುತ್ತಾರೆ. ಹಾಲು ಕುಡಿಯುವ ಮಗುವಿನೊಡನೆ, ಖೇದರ್‌ಗೆ ಹೊರಟ ಪುಟ್ಟ ಗಂಡುಮಗುವಿನೊಡನೆ ಮಾತ್ರ ಮತ್ತೆ ಯಿಡ್ಡಿಷ್ ಆಡುತ್ತಾರೆ. ಅಲ್ಲಿನ ಮಕ್ಕಳು ಅದನ್ನು ಕಲಿಯುವುದು ಇವತ್ತಿಗೂ ಹಾಗೆಯೇ.